ಎಡಗೈಯ ಮೇಲೆ ಎರಡು ಬೆರಳು

ದಿನಾಂಕ ೧೭, ಮಂಗಳವಾರ
ಆಸ್ಪತ್ರೆಯ ಎರಡನೆಯ ಮಹಡಿ, ಡಯಾಲಿಸಿಸ್ ಹಾಲಿನ ಹೊರಗಿನ ಬೆಂಚು

ಪ್ರೀತಿಯ ಬುಗುರಿ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಬಿಟ್ಟಿದೆ ಅಂತ ನೀನು ಬರೆದರೂ ನಾನು ನಂಬುವವಳಲ್ಲ. ದ್ವೀಪದ ಆ ಗಾಳಿಯಲ್ಲಿ ತಲೆಗೆ ಏನೂ ಸುತ್ತಿಕೊಳ್ಳದೆ ದಿನಕ್ಕೆ ನಾಲ್ಕು ಸಲ ಕಬ್ಬಿಣದ ಏಣಿ ಹತ್ತಿ, ಗಾಳಿ ಎಷ್ಟು ಮಳೆ ಎಷ್ಟು ಅಂತ ಅಳೆದು ರೇಡಿಯೋದಲ್ಲಿ ಒದರುವವಳು ನೀನು. ನಾನು ಹೊಲಿದು ಕಳಿಸಿದ ದಪ್ಪ ಬಟ್ಟೆಯ ಟೋಪಿ ಈಗ ಯಾವ ಮೊಳೆಗೆ ನೇತಾಡುತ್ತಿದೆಯೋ. ಎರಡು ತಿಂಗಳಾಯಿತು ನಿನ್ನ ದನಿ ಕೇಳಿ. ಫೋನು ಅಲ್ಲಿಗೆ ಎಟುಕುವುದಿಲ್ಲ, ರೇಡಿಯೋದಲ್ಲಿ ಹವಾಮಾನ ಬಿಟ್ಟು ಮನೆಮಾತು ಆಡುವ ಹಾಗಿಲ್ಲ, ಹದಿನೈದು ದಿನಕ್ಕೊಮ್ಮೆ ಬರುವ ದೋಣಿಯೇ ಗತಿ. ನಾಳೆ ಬುಧವಾರ, ದೋಣಿಯ ದಿನ. ಅಂಚೆಯ ಚೀಲವನ್ನು ಬೆಳಗ್ಗೆ ಒಂಬತ್ತಕ್ಕೇ ಕಟ್ಟಿಬಿಡುತ್ತಾರೆ. ಅದಕ್ಕೇ ಈ ಬೆಂಚಿನ ಮೇಲೆ ಕೂತು, ಅಂಗಡಿಯ ಬಟ್ಟೆ ಮಾದರಿಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನಾನು ಚೆನ್ನಾಗಿದ್ದೇನೆ. ಬೆನ್ನುನೋವು ಇದ್ದದ್ದೇ. ಶಾಲೆಗಳು ಶುರುವಾಗುವ ಕಾಲವಾದ್ದರಿಂದ ಹೊಲಿಗೆ ಅಂಗಡಿಯಲ್ಲಿ ತಲೆ ಎತ್ತಲು ಪುರಸೊತ್ತಿಲ್ಲ, ಕನಸಿನಲ್ಲೂ ನೀಲಿ ಕಾಲರುಗಳೇ. ಬರೆಯಬೇಕಾದದ್ದು ನಿನ್ನ ಭಾವನ ವಿಷಯ. ಅದಕ್ಕೆಂದೇ ಕೂತಿದ್ದೇನೆ, ಆದರೆ ನೇರವಾಗಿ ಶುರುಮಾಡಲು ಕೈ ಬರುತ್ತಿಲ್ಲ. ನೀನು ಎರಡು ಪತ್ರಗಳಲ್ಲೂ ಒಂದೇ ಪ್ರಶ್ನೆ ಕೇಳಿದ್ದೀಯ: “ಅಕ್ಕ, ಆಸ್ಪತ್ರೆಯಿಂದ ನನ್ನ ಹೆಸರಿಗೆ ಕಾಗದ ಬಂತಾ? ನನ್ನ ಕಿಡ್ನಿ ಭಾವಂಗೆ ಹೊಂದುತ್ತಂತಾ?” ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಯೊಳಗಿನದನ್ನು ಸ್ವಲ್ಪ ಹೊರಗೆ ಹಾಕಬೇಕು. ನಿನ್ನ ಬಿಟ್ಟರೆ ನನಗೆ ಬೈಯುವವರು ಯಾರೂ ಇಲ್ಲ.

ನೀನು ರಜೆಯಲ್ಲಿ ಬಂದು ನಮ್ಮ ಮನೆಯಲ್ಲಿದ್ದ ಇಪ್ಪತ್ತು ದಿನವೂ ಬಿಸಿಲು ಮುಖಕ್ಕೆ ಬೀಳುವ ತನಕ ಮಲಗಿದ್ದೆ. ಹಾಗಾಗಿ ನಮ್ಮ ಮನೆಯ ಬೆಳಗಿನ ಪದ್ಧತಿ ನಿನಗೆ ಗೊತ್ತಿರಲಾರದು. ನಿನ್ನ ಭಾವನ ಎಡ ಮಣಿಕಟ್ಟಿನ ಮೇಲೆ ಹಗ್ಗದ ಹಾಗೆ ಉಬ್ಬಿದ ನಾಳ ನೋಡಿದ್ದೀಯಲ್ಲ, ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಸೇರಿಸಿ ಹೊಲಿದಿರುತ್ತಾರೆ. ಆಗ ಅದು ದಪ್ಪಗಾಗಿ ಚರ್ಮದ ಕೆಳಗೆ ಹಗಲೂ ರಾತ್ರಿ ಮಿಡಿಯುತ್ತಿರುತ್ತದೆ. ಮಿಡಿಯುವಷ್ಟು ದಿನ ಅದಕ್ಕೆ ಸೂಜಿ ಚುಚ್ಚಿ, ಯಂತ್ರಕ್ಕೆ ಕೊಟ್ಟು, ರಕ್ತ ತೊಳೆಯಬಹುದು. ನಿಂತರೆ ಒಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಲೆಕ್ಕ, ಇದ್ದ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಬೇಕು. ದಿನಾ ಬೆಳಗ್ಗೆ ಮುಟ್ಟಿ ನೋಡಿಕೊಳ್ಳಿ ಎಂದು ನರ್ಸಮ್ಮ ಮೊದಲ ದಿನವೇ ಹೇಳಿದ್ದರು. ಹೇಳಿದ್ದು ಅವರಿಗೆ, ಆ ಕೆಲಸವನ್ನು ಕಿತ್ತುಕೊಂಡವಳು ನಾನು.

ನಾಲ್ಕು ವರ್ಷದಿಂದ ಹೀಗೆ ನಡೆದಿದೆ. ನಾನು ಎದ್ದು, ಕೈ ತೊಳೆದು, ಒರೆಸಿಕೊಂಡು ಬರುತ್ತೇನೆ. ಅವರು ಕಣ್ಣು ಬಿಡದೆಯೇ ಹಾಸಿಗೆಯಿಂದ ಎಡಗೈ ಚಾಚುತ್ತಾರೆ. ನಾನು ಎರಡು ಬೆರಳು ಇಡುತ್ತೇನೆ. ಹೊಲಿಗೆ ಯಂತ್ರ ಓಡುವಾಗ ಅದರ ಹಲಗೆಯ ಮೇಲೆ ಅಂಗೈ ಇಟ್ಟರೆ ಹೇಗೆ ಝುಮ್ಮೆನ್ನುತ್ತದೋ, ಹಾಗೆ. ನಾನು “ಇದೆ” ಅನ್ನುತ್ತೇನೆ. ಅಷ್ಟೇ ಮಾತು. ಆಮೇಲೆ ಅವರು ಕಣ್ಣು ಬಿಡುತ್ತಾರೆ. ಜಗಳವಾಡಿದ ಮರುದಿನವೂ, ಮನೆಗೆ ನೆಂಟರು ಬಂದಾಗಲೂ, ನನಗೆ ಜ್ವರ ಬಂದಾಗಲೂ ಅದು ತಪ್ಪಿರಲಿಲ್ಲ. ಅವರ ಅಂಗಿಗಳ ಎಡತೋಳಿನ ಹೊಲಿಗೆ ಬಿಚ್ಚಿ ಟಿಚ್ ಬಟನ್ ಹಾಕಿದವಳೂ ನಾನೇ, ಸೂಜಿ ಚುಚ್ಚುವಾಗ ಅಂಗಿ ಕಳಚುವ ಕಷ್ಟ ಬೇಡ ಎಂದು. ಹಾಲಿನಲ್ಲಿರುವ ಆರು ಜನರಲ್ಲಿ ಅಂಥ ಅಂಗಿ ಇರುವುದು ಅವರಿಗೆ ಮಾತ್ರ. ಇದನ್ನು ಜಂಬದಿಂದಲೇ ಬರೆಯುತ್ತಿದ್ದೇನೆ.

ಈಗ ನಿನ್ನ ವಿಷಯ. ಬೇಜಾರು ಮಾಡಿಕೊಳ್ಳಬೇಡ, ಮಾಡಿಕೊಂಡರೂ ಪೂರ್ತಿ ಓದು. ನೀನು ಹುಟ್ಟಿದಾಗ ನನಗೆ ಆರು ವರ್ಷ, ಅಂದಿನಿಂದ ನನಗೆ ನಿನ್ನನ್ನು ಕಂಡರೆ ಹೊಟ್ಟೆಕಿಚ್ಚು. ನಿನ್ನನ್ನು ಎತ್ತಿ ಆಡಿಸಿದ್ದೂ ನಾನೇ, ಯಾರೂ ನೋಡದಾಗ ಚಿವುಟಿದ್ದೂ ನಾನೇ. ಅಮ್ಮನ ದನಿ ನಿನಗೆ ಬಂತು, ಅಪ್ಪನ ಎತ್ತರ ನಿನಗೆ ಬಂತು, ನನಗೆ ಬಂದದ್ದು ಅಜ್ಜಿಯ ಬೆನ್ನುನೋವು. ನಾನು ಕಣ್ಣು ಕಿತ್ತುಕೊಂಡು ಹೊಲಿದ ಫ್ರಾಕನ್ನು ನೀನು ತೊಟ್ಟು ಬೀದಿಗೆ ಹೋದರೆ ಜನ ನಿನ್ನನ್ನು ಹೊಗಳುತ್ತಿದ್ದರು, ಹೊಲಿಗೆಯನ್ನಲ್ಲ. ನೀನು ಒಂದು ಕಡೆ ನಿಲ್ಲದೆ ಸುತ್ತುತ್ತಿದ್ದೆ ಅಂತ ಅಪ್ಪ ನಿನ್ನನ್ನು ಬುಗುರಿ ಅಂದರು. ನನಗೆ ಯಾರೂ ಅಡ್ಡಹೆಸರನ್ನೇ ಇಡಲಿಲ್ಲ. ಇದೆಲ್ಲ ಹಳೆಯ ಕಥೆ, ಮದುವೆಯಾದ ಮೇಲೆ ಮರೆತಿದ್ದೆ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ ಅವರಿಗೆ ಕಿಡ್ನಿ ಕೊಡುತ್ತೇನೆ ಎಂದು ಮೊದಲು ಮುಂದೆ ಬಂದವಳು ನಾನು. ರಕ್ತ ತೆಗೆದ ಹತ್ತೇ ನಿಮಿಷಕ್ಕೆ ಆಗುವುದಿಲ್ಲ ಅಂದರು, ಗುಂಪೇ ಬೇರೆಯಂತೆ. ನಾನು ಕಾರಿಡಾರಿನ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಹೆಂಡತಿಯಾಗಿ ಕೊಡಬೇಕಾದದ್ದನ್ನು ಕೊಡಲಾಗಲಿಲ್ಲ ಅಂತ. ಆಮೇಲೆ ಈ ಸಲದ ರಜೆಯಲ್ಲಿ ನೀನು ಬಂದೆ. ಒಂದು ಬೆಳಗ್ಗೆ ಬಾಳೆಹಣ್ಣು ತಿನ್ನುತ್ತ ನನ್ನ ಜೊತೆ ಆಸ್ಪತ್ರೆಗೆ ಬಂದೆ, ಸುಮ್ಮನೆ ಅಂಗಿಯ ತೋಳು ಮಡಿಸಿ ರಕ್ತ ಕೊಟ್ಟೆ. ನಿನ್ನ ಗುಂಪು ಸರಿಹೋಯಿತು. ಉಳಿದ ಪರೀಕ್ಷೆಗಳನ್ನೂ ಮಾಡಿಸಿಕೊಂಡೆ. ದಾನಿಗೆ ಯಾರೂ ಒತ್ತಾಯ ಮಾಡಬಾರದು ಅಂತ ಫಲಿತಾಂಶವನ್ನು ದಾನಿಯ ಹೆಸರಿಗೆ ಮಾತ್ರ ಕಳಿಸುತ್ತಾರೆ, ರೋಗಿಗೂ ಹೇಳುವುದಿಲ್ಲ, ನೀನು ನಮ್ಮ ಮನೆಯ ವಿಳಾಸ ಕೊಟ್ಟೆ. ಹಿಂದಿರುಗುವ ದಾರಿಯಲ್ಲಿ ಗಾಡಿಯೊಳಗೆ ಜೋರಾಗಿ ನಕ್ಕು, “ಅಕ್ಕ, ನಂದೊಂದು ಭಾವನ ಒಳಗೆ ಹೋದ್ರೆ ಅವರು ಜೀವಮಾನವಿಡೀ ನನ್ನ ಮಾತು ಕೇಳ್ಬೇಕು ನೋಡು” ಅಂದೆ. ನಾನೂ ನಕ್ಕೆ. ಆದರೆ ಆ ಮಾತು ಬಟ್ಟೆಯಲ್ಲಿ ಉಳಿದುಬಿಟ್ಟ ಗುಂಡುಸೂಜಿಯಂತೆ ನನ್ನಲ್ಲಿ ಉಳಿಯಿತು. ಎದ್ದರೂ ಚುಚ್ಚುತ್ತಿತ್ತು, ಕೂತರೂ ಚುಚ್ಚುತ್ತಿತ್ತು.

ಇಷ್ಟು ಸಾಲದು ಎಂಬಂತೆ ಟೀಚರಮ್ಮ ಬಂದರು. ನಿನ್ನ ಭಾವನ ಪಕ್ಕದ ಕುರ್ಚಿಯವರು. ಎಪ್ಪತ್ತೆರಡು ವರ್ಷ, ಕಟ್ಟಿಸಿಕೊಂಡ ಹಲ್ಲು, ಆದರೂ ತುಟಿಗೆ ಬಣ್ಣ ಹಚ್ಚದೆ ಡಯಾಲಿಸಿಸ್‌ಗೆ ಬರುವುದಿಲ್ಲ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಸುಮ್ಮನೆ ಕೂರುವುದು ಅವರ ಜಾತಕದಲ್ಲೇ ಇಲ್ಲ. ಭಾರ ಎತ್ತುವ ಹಾಗಿಲ್ಲವೆಂದು ಮುದ್ರಣಾಲಯದಲ್ಲಿ ನಿನ್ನ ಭಾವನನ್ನು ಯಂತ್ರದಿಂದ ತೆಗೆದು ಕೌಂಟರಿನಲ್ಲಿ ಕೂರಿಸಿದ್ದಾರಲ್ಲ, ಅಲ್ಲಿ ಬರುವವರ ಇಂಗ್ಲಿಷಿಗೆ ಇವರು ಬೆವರುವುದನ್ನು ಹೇಳಿಕೊಂಡಿದ್ದಾರೆ. ಆಕೆಗೆ ಅಷ್ಟೇ ಬೇಕಿತ್ತು. ಮಂಗಳವಾರ, ಗುರುವಾರ, ಶನಿವಾರ, ದಿನಕ್ಕೊಂದು ಕ್ರಿಯಾಪದ. ನಾಲ್ಕು ಗಂಟೆ ರಕ್ತ ಯಂತ್ರದೊಳಗೆ, ಇವರು ಪಾಠದೊಳಗೆ. ಮೊದಲೆಲ್ಲ ಈ ಹೊತ್ತಿನಲ್ಲಿ ಅವರು ಬಾಗಿಲ ಗಾಜಿನಿಂದ ಬೆಂಚಿನ ಕಡೆ ನೋಡಿ ನನಗೆ ಸನ್ನೆ ಮಾಡುತ್ತಿದ್ದರು. ಪಾಠ ಶುರುವಾದ ಮೇಲೆ ನಾನು ಇದ್ದೇನೋ ಎದ್ದು ಹೋದೆನೋ ಅವರಿಗೆ ಪರಿವೆಯೇ ಇರಲಿಲ್ಲ. ಮುದುಕಿಯ ಮೇಲೆ ಹೊಟ್ಟೆಕಿಚ್ಚೇ ಎಂದು ನೀನು ನಗುತ್ತಿರಬಹುದು. ನಗು.

ಇದೇ ತಿಂಗಳ ಐದನೆಯ ತಾರೀಕು, ಗುರುವಾರ, ಆಕೆ ಕಲಿಸಿದ ಕ್ರಿಯಾಪದ ‘ಪಲ್ಸೇಟ್’. ಅಂದರೆ ಒಂದೇ ಲಯದಲ್ಲಿ ಮಿಡಿಯುವುದು. ಎಲ್ಲರೂ ತಮ್ಮ ತಮ್ಮ ಕೈ ಮುಟ್ಟಿ ನೋಡಿಕೊಳ್ಳಿ ಅಂದರಂತೆ. ಆರು ಕುರ್ಚಿಗಳಲ್ಲಿ ಆರು ಜನ ತಮ್ಮ ಕೈ ತಾವೇ ಹಿಡಿದುಕೊಂಡು ‘ಪಲ್ಸೇಟ್, ಪಲ್ಸೇಟ್’ ಅನ್ನುವುದನ್ನು ಗಾಜಿನಿಂದ ನಾನೇ ನೋಡಿದೆ. ಆಕೆಯ ಪಾಠದ ಕ್ರಮವೆಂದರೆ, ಮೊದಲು ಮುಟ್ಟಬಹುದಾದ ಸಂಗತಿಯ ವಾಕ್ಯ, ಆಮೇಲೆ ಮುಟ್ಟಲಾಗದ್ದರ ವಾಕ್ಯ. ಕೈ ಮಿಡಿಯುತ್ತದೆ ಎನ್ನುವುದು ಮೊದಲ ಬಗೆ, ಊರು ಮಿಡಿಯುತ್ತದೆ ಎನ್ನುವುದು ಎರಡನೆಯದು. ನೋವಿನಿಂದ ಹಲ್ಲು ಸಿಡಿಯುತ್ತಿದ್ದರೆ ಬೇರೆ ಪದ ಬಳಸಿ, ಇದನ್ನು ಜೀವಕಳೆ ಇರುವಲ್ಲಿ ಬಳಸಿ ಎಂದೂ ಹೇಳಿದ್ದರಂತೆ. ನಿನ್ನ ಭಾವ ಮನೆಗೆ ಬಂದವರು ಎರಡು ದಿನ ಕಂಡದ್ದನ್ನೆಲ್ಲ ಮಿಡಿಸಿದರು. ಫ್ರಿಜ್ಜು ಪಲ್ಸೇಟ್ ಆಯಿತು, ನೀರಿನ ಪೈಪು ಆಯಿತು, ನನ್ನ ಹೊಲಿಗೆ ಯಂತ್ರ ಆಯಿತು, ಎದುರುಮನೆಯವರ ರೇಡಿಯೋ ಆಯಿತು. ಮನೆಯಲ್ಲಿ ಮಿಡಿಯದೆ ಉಳಿದವಳು ನಾನೊಬ್ಬಳೇ.

ಶನಿವಾರ ಡಯಾಲಿಸಿಸ್ ಮುಗಿಸಿ ಬಂದು ಅವರು ಸುಸ್ತಾಗಿ ಮಲಗಿದಾಗ ನಾನು ಅವರ ಪಾಠದ ನೋಟುಪುಸ್ತಕ ತೆಗೆದುಕೊಂಡು ಅಂಗಡಿಗೆ ಹೋದೆ. ತಪ್ಪೇ, ಗೊತ್ತು. ನಮ್ಮ ಅಂಗಡಿಯ ಯಜಮಾನಿ ಇಂಗ್ಲಿಷ್ ಶಾಲೆಯಲ್ಲಿ ಓದಿದವರು, ಕನ್ನಡಕ ಏರಿಸಿ ಒಂದೊಂದೇ ವಾಕ್ಯ ಓದಿ ಅರ್ಥ ಹೇಳಿದರು. ನನ್ನ ಎಡಗೈ ಮಿಡಿಯುತ್ತದೆ. ಮುದ್ರಣ ಯಂತ್ರ ಓಡುವಾಗ ನೆಲ ಮಿಡಿಯುತ್ತದೆ. ಸಂಜೆಯ ಪೇಟೆ ಜನರಿಂದ ಮಿಡಿಯುತ್ತದೆ. ನಮ್ಮ ಟೀಚರ್ ಪಾಠ ಮಾಡುವಾಗ ಈ ಕೋಣೆ ಮಿಡಿಯುತ್ತದೆ. ಆಮೇಲೆ, ಬುಗುರಿ, ಕೊನೆಯ ವಾಕ್ಯ: ನಾದಿನಿ ಬಂದಿದ್ದಾಗ ನಮ್ಮ ಮನೆ ಅವಳ ನಗುವಿನಿಂದ ಮಿಡಿಯುತ್ತಿತ್ತು. ಪಕ್ಕದಲ್ಲಿ ಟೀಚರಮ್ಮ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ‘ಬಹಳ ಚೆನ್ನಾಗಿದೆ’ ಅಂತ ಬರೆದಿದ್ದರು. ಯಜಮಾನಿ ಪುಸ್ತಕ ಮುಚ್ಚಿ, “ಗಂಡಸು ಒಳ್ಳೇ ರಸಿಕ ಕಣಮ್ಮ, ಕೌಂಟರಲ್ಲಿ ಕೂರೋನಲ್ಲ” ಅಂದರು. ನಾನು ನಕ್ಕ ಹಾಗೆ ಮಾಡಿದೆ. ಆ ದಿನ ಮೂರು ಕಾಲರು ತಿರುಗಾ ಮುರುಗಾ ಹೊಲಿದು ಬಿಚ್ಚಬೇಕಾಯಿತು.

ಮನೆಯವರೆಗೂ ಲೆಕ್ಕ ಹಾಕುತ್ತ ನಡೆದೆ. ಮುದುಕಿ ಇದ್ದಾಳೆ, ತಂಗಿ ಇದ್ದಾಳೆ, ಪೇಟೆ ಇದೆ, ಕಬ್ಬಿಣದ ಯಂತ್ರ ಇದೆ. ಹನ್ನೊಂದು ವರ್ಷ ಜೊತೆಗಿದ್ದ ಹೆಂಡತಿಗೆ ಒಂದು ಸಾಲಿಲ್ಲ. ಇಪ್ಪತ್ತು ದಿನ ಬಂದು, ಹತ್ತು ಗಂಟೆಯವರೆಗೆ ಮಲಗಿ, ಹಲ್ಲು ಕಿರಿದು ಹೋದವಳಿಂದ ಮನೆ ಮಿಡಿಯಿತಂತೆ. ಹಾಗಾದರೆ ನಾನು ಇದ್ದಾಗ ಮನೆ ಏನು ಮಾಡುತ್ತದೆ, ಸುಮ್ಮನೆ ನಿಂತಿರುತ್ತದೆಯೇ? ಇಷ್ಟರ ಮೇಲೆ ಅವಳ ಕಿಡ್ನಿಯೂ ಬಂದು ಕೂತುಬಿಟ್ಟರೆ ನನಗೆ ಇಲ್ಲಿ ಉಳಿಯುವುದೇನು ಅನ್ನಿಸಿತು. ಹೌದು, ಹೀಗೇ ಅನ್ನಿಸಿತು. ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೆ ಆ ದಿನ ನಾಚಿಕೆಯಾಗಲಿಲ್ಲ.

ಭಾನುವಾರ ಬೆಳಗ್ಗೆ ಅವರು ಎಂದಿನಂತೆ ಕೈ ಚಾಚಿದರು. ನಾನು ಒಲೆಯ ಮುಂದೆ ನಿಂತು, ಕೈಗೆ ಹಿಟ್ಟು ಮೆತ್ತಿಕೊಂಡವಳ ಹಾಗೆ ನಟಿಸಿದೆ. ಹಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ. ಅವರು ಸ್ವಲ್ಪ ಹೊತ್ತು ಹಾಗೇ ಕೈ ಚಾಚಿಕೊಂಡಿದ್ದು ಆಮೇಲೆ ಒಳಗೆಳೆದುಕೊಂಡರು. ತಾವೇ ಮುಟ್ಟಿ ನೋಡಿಕೊಳ್ಳಲಿ, ಟೀಚರಮ್ಮ ಕಲಿಸಿದ್ದಾರಲ್ಲ ಅಂದುಕೊಂಡೆ. ಸೋಮವಾರವೂ ಹಾಗೇ ಮಾಡಿದೆ. ಮಂಗಳವಾರ ಅವರು ಕೈಯನ್ನೇ ಚಾಚಲಿಲ್ಲ. “ಏನಾಯ್ತೇ ನಿಂಗೆ?” ಅಂತ ಕೇಳಿದರು, “ಏನಿಲ್ಲ” ಅಂದೆ. ಶನಿವಾರದಿಂದ ಮಂಗಳವಾರದವರೆಗೆ ವಾರದಲ್ಲಿ ಅದೇ ಉದ್ದನೆಯ ಬಿಡುವು, ನಡುವೆ ನರ್ಸಮ್ಮನ ಕಣ್ಣೂ ಬೀಳುವುದಿಲ್ಲ. ಮೂರು ಬೆಳಗು ಆ ಕೈಯನ್ನು ಯಾರೂ ಮುಟ್ಟಿ ನೋಡಲಿಲ್ಲ. ಅವರು ತಾವೇ ನೋಡಿಕೊಂಡಿರಬಹುದು ಅಂತ ನಾನು, ಇವಳ ಕೋಪ ಇಳಿದ ಮೇಲೆ ನೋಡುತ್ತಾಳೆ ಅಂತ ಅವರು. ನಾಲ್ಕು ವರ್ಷದಲ್ಲಿ ಆ ಕೆಲಸ ಎಷ್ಟು ನನ್ನದಾಗಿಬಿಟ್ಟಿತ್ತೆಂದರೆ ತಮ್ಮ ಕೈಯನ್ನು ತಾವೇ ಮುಟ್ಟುವುದು ಅವರಿಗೆ ಹೊಳೆದೇ ಇಲ್ಲ. ಗುರುವಾರ ಪಾಠದಲ್ಲಿ ಮುಟ್ಟಿಕೊಂಡದ್ದು ಪಾಠಕ್ಕೆ ಮಾತ್ರ.

ಹತ್ತನೆಯ ತಾರೀಕು, ಮಂಗಳವಾರ, ನರ್ಸಮ್ಮ ಟಿಚ್ ಬಟನ್ ಬಿಚ್ಚಿ ನಾಳದ ಮೇಲೆ ಕೈಯಿಟ್ಟರು. ಇನ್ನೊಮ್ಮೆ ಇಟ್ಟರು. ಆಮೇಲೆ ಸ್ಟೆತಾಸ್ಕೋಪು ಇಟ್ಟು ಕಣ್ಣು ಮುಚ್ಚಿದರು. ಗಾಜಿನ ಆಚೆ ನಿಂತಿದ್ದ ನನಗೆ ಅವರ ಮುಖ ನೋಡಿಯೇ ಗೊತ್ತಾಯಿತು. ಡಾಕ್ಟರು ಓಡಿ ಬಂದರು, ತೆರೆದ ಬಾಗಿಲಿಗೆ ನಾನೂ ಬಂದು ನಿಂತೆ. “ಯಾವಾಗ ನಿಂತಿದ್ದು?” ಅಂತ ಕೇಳಿದರು. ಅದು ಅವರಿಗೆ ಬಹಳ ಮುಖ್ಯವಂತೆ, ನಿಂತು ಕೆಲವೇ ಗಂಟೆಯಾಗಿದ್ದರೆ ತೆರೆಯುವುದು ಸುಲಭ. ನಿನ್ನ ಭಾವ ನನ್ನ ಕಡೆ ಒಮ್ಮೆ ನೋಡಿ, “ಬೆಳಗ್ಗೆ ಇವಳು ನೋಡ್ದಾಗ ಇತ್ತು ಸಾರ್” ಅಂದರು. ನನ್ನನ್ನು ಉಳಿಸಲು ಸುಳ್ಳು ಹೇಳಿದರು ಕಣೇ. ಆ ಸುಳ್ಳು ಅವರ ಕೈಗೇ ಕುತ್ತು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ. ಡಾಕ್ಟರು ಹೊರಟ ಮೇಲೆ ಕಾರಿಡಾರಿನಲ್ಲಿ ಅವರ ಹಿಂದೆ ಓಡಿ, ಮೂರು ದಿನದಿಂದ ನಾನು ನೋಡೇ ಇಲ್ಲ ಅಂದೆ. ಅವರು ಬೈಯಲಿಲ್ಲ. ಫೈಲಿನಲ್ಲಿ ಬರೆದುಕೊಂಡು ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಎರಡು ಗಂಟೆ ಪ್ರಯತ್ನಪಟ್ಟರು, ತೆರೆಯಲಿಲ್ಲ. ಈಗ ಕತ್ತಿನ ಬಳಿ ನಳಿಗೆ ಹಾಕಿದ್ದಾರೆ, ಅದರ ಮೂಲಕವೇ ಡಯಾಲಿಸಿಸ್. ಅದಕ್ಕೆ ನೀರು ತಾಕಬಾರದು, ನಂಜು ಏರಿದರೆ ಅಪಾಯ, ತುಂಬಾ ದಿನ ಇಡುವ ಹಾಗಿಲ್ಲ. ಬಲಗೈಯ ನಾಳ ತೆಳುವಾಗಿದೆ, ಅಲ್ಲಿ ಹೊಸದಾಗಿ ಹೊಲಿದರೂ ನಿಲ್ಲುತ್ತದೆಂದು ಹೇಳಲಾರೆ ಅಂದರು ಡಾಕ್ಟರು. “ದಾನಿ ಯಾರಾದ್ರೂ ಸಿಕ್ಕಿದ್ರೆ ತಡ ಮಾಡ್ಬೇಡಿ” ಅಂತಲೂ ಅಂದರು. ನಿನ್ನ ಭಾವ ಎದುರಿಗೇ ಇದ್ದರು, “ನೋಡೋಣ ಸಾರ್” ಅಂದರು. ಅವರು ನನ್ನನ್ನು ಒಂದು ಮಾತೂ ಕೇಳಲಿಲ್ಲ, ಈಗಲೂ ಕೇಳಿಲ್ಲ. ಬಲಗೈಯಿಂದ ಅನ್ನ ಕಲಸುತ್ತ ಎಡಗೈಯನ್ನು ಮಗುವನ್ನು ಮಲಗಿಸಿದ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರುತ್ತಾರೆ. ಆ ತೋಳಿನ ಟಿಚ್ ಬಟನ್‌ಗಳು ಈಗ ಯಾರಿಗೂ ಬೇಡ, ಅಂಗಿಯ ಕಾಲರನ್ನು ಅಗಲವಾಗಿ ಬಿಚ್ಚಬೇಕಾಗಿದೆ. ಅದನ್ನೂ ನಾನೇ ಮಾಡಿದೆ.

ಕಳೆದ ಗುರುವಾರ ಟೀಚರಮ್ಮ ಬಾಗಿಲಿನತ್ತ ಕೈಯಾಡಿಸಿ ನನ್ನನ್ನು ಕರೆದರು. ಅಂದು ನನ್ನನ್ನು ಒಳಗೆ ಬಿಟ್ಟರು. ನಿನ್ನ ಭಾವ ನಿದ್ದೆಹೋಗಿದ್ದರು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಟೈಲರಮ್ಮ, ನಿಮ್ಮೆಜಮಾನ್ರು ಹೋಮ್‌ವರ್ಕ್ ಪೂರ್ತಿ ಮಾಡಿಲ್ಲ, ನಿಮಗೆ ಗೊತ್ತಾ?” ಅಂದರು. ಆ ಕ್ರಿಯಾಪದ ಬಳಸಿ ಮನೆಯಲ್ಲಿರುವ ಗಂಡನ ಅಥವಾ ಹೆಂಡತಿಯ ಬಗ್ಗೆ ಒಂದು ವಾಕ್ಯ ಬರೆಯಲೇಬೇಕು ಅಂತ ಆಕೆ ಎಲ್ಲರಿಗೂ ಹೇಳಿದ್ದರಂತೆ. ಇವರೊಬ್ಬರೇ ಬರೆಯಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, “ಮಿಡಿಯೋದನ್ನೆಲ್ಲ ಬರೆದೆ ಟೀಚರ್. ಅವಳು ಬೆಳಗ್ಗೆ ಬೆರಳಿಟ್ಟು ಇದೆ ಅಂದಮೇಲಲ್ವಾ ನಂಗೆ ಮಿಕ್ಕಿದ್ದೆಲ್ಲ ಶುರುವಾಗೋದು. ಅವಳನ್ನ ಯಾವ ವಾಕ್ಯಕ್ಕೆ ಅಂತ ಹಾಕ್ಲಿ?” ಅಂದರಂತೆ. ಟೀಚರಮ್ಮ ಮುಂದಿನ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೊನ್ನೆ ಹಾಕಿದ್ದರಂತೆ. ಆ ಪುಟ ಯಜಮಾನಿ ತಿರುವಿರಲಿಲ್ಲ, ನಾನು ತಿರುವಲು ಬಿಟ್ಟಿರಲಿಲ್ಲ. ಆಮೇಲೆ ಆಕೆ ತಮ್ಮದೇ ಎಡಗೈ ಮೇಲೆ ತಮ್ಮದೇ ಬಲಗೈ ಬೆರಳು ಇಟ್ಟುಕೊಂಡು, “ನಂದನ್ನ ನಾನೇ ನೋಡ್ಕೋತೀನಿ, ಇನ್ನೇನ್ ಮಾಡೋದು” ಅಂದು ಕಣ್ಣು ಮುಚ್ಚಿದರು. ಆಕೆಯ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಅಲ್ಲಿಗೇ ಆರಿತು. ನಿನ್ನ ಮೇಲಿನದು ಆರಿಲ್ಲ, ಸುಳ್ಳು ಹೇಳಲಾರೆ.

ಬೆಂಚಿನ ಮೇಲೆ ಕೂತು ಎಷ್ಟೊಂದು ಬರೆದುಬಿಟ್ಟೆ. ಇಷ್ಟು ಬರೆದ ಮೇಲೆ ಆ ಕಾಗದದ ಮಾತು ಬರಬೇಕಿತ್ತು. ಪೆನ್ನು ಅಲ್ಲಿಗೆ ಬಂದಾಗಲೆಲ್ಲ ನಿಲ್ಲುತ್ತಿದೆ. ಒಳಗೆ ಯಂತ್ರದ ಸದ್ದು ನಿಂತಿತು, ನರ್ಸಮ್ಮ ನಳಿಗೆಯ ಬಾಯಿ ಮುಚ್ಚುತ್ತಿದ್ದಾರೆ, ಇನ್ನೈದು ನಿಮಿಷಕ್ಕೆ ಅವರು ಹೊರಗೆ ಬರುತ್ತಾರೆ. ಮನೆಗೆ ಹೋಗಿ ಅವರಿಗೆ ಗಂಜಿ ಕೊಡಬೇಕು. ಮೈ ನೋಡಿಕೋ. ಏಣಿ ಹತ್ತುವಾಗ ಟೋಪಿ ಹಾಕಿಕೋ. ಉಪ್ಪುಗಾಳಿಗೆ ತುಟಿ ಒಡೆದರೆ ಎಣ್ಣೆ ಹಚ್ಚಿಕೋ. ನಿನ್ನ ಆ ಮುಂಗೋಪಿ ಮೇಲಧಿಕಾರಿಯ ಹತ್ತಿರ ಎದುರುತ್ತರ ಕೊಡಬೇಡ. ನಿನ್ನ ಭಾವ ನೆನಪು ಹೇಳು ಅಂದಿದ್ದಾರೆ. ಎಲ್ಲಿದ್ದರೂ ನೂರು ಕಾಲ ಚೆನ್ನಾಗಿರು, ನನ್ನ ಕಣ್ಣು ನಿನಗೆ ತಾಗದಿರಲಿ.

ಇಂತಿ ನಿನ್ನ,
ಅಕ್ಕ

ಮರೆತ ಮಾತು (ಬುಧವಾರ, ಬೆಳಗ್ಗೆ ಎಂಟು ಗಂಟೆ, ಲಕೋಟೆಯನ್ನು ತಿರುಗಿ ಒಡೆದು ಬರೆಯುತ್ತಿದ್ದೇನೆ): ಮರೆತದ್ದಲ್ಲ, ಬಚ್ಚಿಟ್ಟದ್ದು. ಈಗ ತಾನೆ ಕೈ ತೊಳೆದು ಕೋಣೆಗೆ ಹೋದೆ. ಅವರು ನಿದ್ದೆಗಣ್ಣಿನಲ್ಲಿ ಅಭ್ಯಾಸಬಲದಿಂದ ಎಡಗೈ ಚಾಚಿದರು. ಆಮೇಲೆ ನೆನಪಾಗಿ ಹಿಂದಕ್ಕೆಳೆದುಕೊಳ್ಳಲು ಹೋದರು, ನಾನು ಬಿಡಲಿಲ್ಲ. ಎರಡು ಬೆರಳು ಇಟ್ಟೆ. ಏನೂ ಇಲ್ಲ, ಗಟ್ಟಿಯಾದ ಹಗ್ಗದಂಥ ನಾಳ ಮಾತ್ರ. ಅವರು ಕಣ್ಣು ಬಿಡದೆ ಕಾಯುತ್ತಿದ್ದರು, ನಾನು ಎದ್ದು ಬಂದು ಈ ಲಕೋಟೆ ಒಡೆದೆ. ನಿನ್ನ ಹೆಸರಿನ ಕಾಗದ ಬಂದು ಇಪ್ಪತ್ತು ದಿನವಾಯಿತು. ನಾನೇ ಒಡೆದು ಓದಿದೆ. ನಿನ್ನದು ಹೊಂದುತ್ತದೆ. ಆರು ವಾರದೊಳಗೆ ನೀನು ಖುದ್ದಾಗಿ ಬಂದು ಒಪ್ಪಿಗೆ ಕೊಡಬೇಕಂತೆ, ಇಷ್ಟವಿಲ್ಲದಿದ್ದರೆ ಕಾರಣ ಹೇಳದೆಯೇ ಬೇಡ ಅನ್ನಬಹುದಂತೆ. ನಾಲ್ಕನೆಯ ತಾರೀಕಿನ ದೋಣಿಗೆ ‘ಇನ್ನೂ ಬಂದಿಲ್ಲ’ ಎಂದು ಬರೆದು ಕಳಿಸಿದ್ದು ಸುಳ್ಳು. ನೋಟುಪುಸ್ತಕ ಓದುವುದಕ್ಕೂ ಮುಂಚಿನ ಸುಳ್ಳು ಅದು, ಅವರ ವಾಕ್ಯದ ಮೇಲೆ ತಪ್ಪು ಹೊರಿಸಲಾರೆ. ಕಾಗದ ನಿನ್ನ ಬಟ್ಟೆಯ ಅಳತೆಗಳನ್ನು ಇಟ್ಟಿರುವ ಲಕೋಟೆಯಲ್ಲಿತ್ತು, ಈಗ ಇದರೊಳಗೆ ಇಟ್ಟಿದ್ದೇನೆ. ಅವರಿಗೆ ಇನ್ನೂ ಗೊತ್ತಿಲ್ಲ. ನೀನು ಬೇಡ ಅಂದರೆ ಯಾವತ್ತೂ ಗೊತ್ತಾಗುವುದಿಲ್ಲ, ನಾನೂ ಒಂದು ಮಾತು ಕೇಳುವುದಿಲ್ಲ. ಕೊಡುವುದಾದರೆ ಈ ಪತ್ರ ತಂದ ದೋಣಿಯನ್ನೇ ಹತ್ತಿ ಬಾ, ಇನ್ನೊಂದಕ್ಕೆ ಕಾಯಬೇಡ, ನಾನಾಗಲೇ ನಿನಗೆ ಒಂದು ದೋಣಿ ತಪ್ಪಿಸಿದ್ದೇನೆ. ಬಂದು ನನಗೆ ಹೊಡಿ, ಬೈ, ಮಾತು ಬಿಡು. ಜೀವಮಾನವಿಡೀ ಅವರು ನಿನ್ನ ಮಾತು ಕೇಳಲಿ, ಮನೆ ತುಂಬ ನಗು, ಹತ್ತು ಗಂಟೆಯವರೆಗೆ ಮಲಗು. ನನಗೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ನೀನು ಬಾ.